ಬೆಳಗಿನ ಒಂದು ಗಂಟೆಯ ಸೈಕಲ್ ಅಭ್ಯಾಸ 100 ಕಿ.ಮೀ.ಗೆ ಸಾಕೇ?

ಓದುಗರ ಪ್ರಶ್ನೆ: ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಬೆಂಗಳೂರಿನಿಂದ ಹೊರಡುವ 100 ಕಿ.ಮೀ. ಸೈಕಲ್ ಸವಾರಿಗೆ ಹೆಸರು ಕೊಟ್ಟಿದ್ದೇನೆ. ಇನ್ನು 12 ವಾರ ಇದೆ. ನನ್ನದು ಸಾಧಾರಣ ಹೈಬ್ರಿಡ್ ಸೈಕಲ್ (ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದು). ಆಫೀಸು, ಮಕ್ಕಳ ಸ್ಕೂಲು ಎಲ್ಲ ನೋಡಿಕೊಂಡು ನನಗೆ ಸಿಗುವುದು ಬೆಳಿಗ್ಗೆ 5.45ರಿಂದ 7ರವರೆಗಿನ ಹೊತ್ತು ಮಾತ್ರ. ಇಷ್ಟರಲ್ಲೇ ತಯಾರಾಗಬಹುದೇ?

ಉತ್ತರ: ಆಗಬಹುದು, ಆದರೆ ಭಾನುವಾರದ ಬೆಳಗ್ಗೆಯನ್ನೂ ಇದಕ್ಕೆ ಬಿಟ್ಟುಕೊಡಬೇಕು. ವಾರದ ದಿನಗಳ ಒಂದೊಂದು ಗಂಟೆ ಉಸಿರನ್ನೂ ಕಾಲನ್ನೂ ಹದಕ್ಕೆ ತರುತ್ತದೆ. ಆದರೆ ಮೊದಲ ಸಲ ನೂರಕ್ಕೆ ಹೊರಟವರು ಅರ್ಧದಲ್ಲಿ ನಿಲ್ಲುವುದು ಹೆಚ್ಚಾಗಿ ಕಾಲು ಸೋತು ಅಲ್ಲ. ಕೂರುವ ಜಾಗ ಉರಿಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ತಿಂದದ್ದು ಕರಗಿ ಹೊಟ್ಟೆ ಬರಿದಾಗುತ್ತದೆ, ಹನ್ನೊಂದರ ಬಿಸಿಲು ನೆತ್ತಿಗೇರುತ್ತದೆ. ಒಂದು ಗಂಟೆಯ ಸವಾರಿಯಲ್ಲಿ ಈ ನಾಲ್ಕರಲ್ಲಿ ಒಂದೂ ಕಾಣಿಸಿಕೊಳ್ಳುವುದಿಲ್ಲ. ಇವುಗಳ ಪರಿಚಯ ಆಗುವುದು ಭಾನುವಾರವೇ.

ಲೆಕ್ಕ ನೋಡಿ. ಹೈಬ್ರಿಡ್ ಸೈಕಲ್‌ನಲ್ಲಿ ಹೊಸಬರು ಗಂಟೆಗೆ ಸುಮಾರು 18 ಕಿ.ಮೀ. ಹೋಗುತ್ತಾರೆ ಎಂದುಕೊಂಡರೆ 100 ಕಿ.ಮೀ.ಗೆ ಐದೂವರೆ ಗಂಟೆ ಬೇಕು. ನೀರು, ತಿಂಡಿ, ಶೌಚಕ್ಕೆ ಇನ್ನೊಂದು ಗಂಟೆ ಸೇರಿಸಿ. 6ಕ್ಕೆ ಹೊರಟವರು ಮುಗಿಸುವಾಗ ಮಧ್ಯಾಹ್ನ 12.30 ಆಗಿರುತ್ತದೆ. ಅಂದರೆ ನೀವು ಬರೀ ದೂರಕ್ಕಲ್ಲ, ದಾರಿಯ ಮೇಲೆ ಆರೂವರೆ ಗಂಟೆ ಕಳೆಯುವುದಕ್ಕೆ ತಯಾರಾಗಬೇಕು. ಆಯೋಜಕರು ಎಷ್ಟು ಹೊತ್ತಿಗೆ ಮುಗಿಸಬೇಕೆಂದು ಹೇಳಿದ್ದಾರೋ ಈಗಲೇ ಕೇಳಿಟ್ಟುಕೊಳ್ಳಿ.

ವಾರ ಹೀಗೆ ಹಂಚಿಕೊಳ್ಳಿ

ಮಂಗಳವಾರ ಮತ್ತು ಗುರುವಾರ ಒಂದೊಂದು ಗಂಟೆ, ಶನಿವಾರ ಬೇಕಿದ್ದರೆ 40 ನಿಮಿಷ ಹಗುರವಾಗಿ, ಭಾನುವಾರ ಉದ್ದ ಸವಾರಿ. ಸೋಮವಾರ, ಶುಕ್ರವಾರ ಸೈಕಲ್ ಮುಟ್ಟಬೇಡಿ. ಬುಧವಾರ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಗೆ 15 ನಿಮಿಷ ಪ್ಲ್ಯಾಂಕ್, ಸೇತುಬಂಧಾಸನ ಮಾಡಿದರೆ 60 ಕಿ.ಮೀ. ದಾಟಿದ ಮೇಲೆ ಬರುವ ಸೊಂಟನೋವು ಎಷ್ಟೋ ಕಡಿಮೆಯಾಗುತ್ತದೆ.

ಮಂಗಳವಾರದ ಸವಾರಿ ಆರಾಮವಾಗಿರಲಿ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು; ಎರಡು ಪದಕ್ಕೊಮ್ಮೆ ಉಸಿರು ಎಳೆಯುತ್ತಿದ್ದರೆ ವೇಗ ಇಳಿಸಿ. ಗುರುವಾರ, ಐದನೇ ವಾರದಿಂದ, ಸ್ವಲ್ಪ ದುಡಿಸಿ: 15 ನಿಮಿಷ ಮೈ ಬಿಸಿ ಮಾಡಿಕೊಂಡು, 5 ನಿಮಿಷ ಜೋರಾಗಿ, 3 ನಿಮಿಷ ನಿಧಾನವಾಗಿ, ಹೀಗೆ ನಾಲ್ಕು ಸುತ್ತು, ಕೊನೆಗೆ 10 ನಿಮಿಷ ಹಗುರವಾಗಿ ತುಳಿದು ಮನೆಗೆ. ಜೋರು ಎಂದರೆ ಸ್ಪ್ರಿಂಟ್ ಅಲ್ಲ. ಆ ಐದು ನಿಮಿಷವೂ ಒಂದೇ ಬಿಗಿಯಲ್ಲಿ ಹೋಗಲು ಆಗಬೇಕು.

ಭಾನುವಾರದ ದೂರ ಮೊದಲ ಮೂರು ವಾರ 25, 32, 40 ಕಿ.ಮೀ. ನಾಲ್ಕನೇ ವಾರ ಇಳಿಸಿ 30. ಆಮೇಲೆ 45, 52, 60. ಎಂಟನೇ ವಾರ ಮತ್ತೆ 45ಕ್ಕೆ ಇಳಿಸಿ. ಒಂಬತ್ತಕ್ಕೆ 68, ಹತ್ತಕ್ಕೆ 80, ಹನ್ನೊಂದಕ್ಕೆ 50. ಹನ್ನೆರಡನೇ ವಾರ ಆ ದಿನವೇ ಬಂತು. ಅಭ್ಯಾಸದಲ್ಲಿ ನೂರು ಮುಟ್ಟಲೇಬೇಕು ಎಂದೇನಿಲ್ಲ. 80 ಕಿ.ಮೀ.ಯನ್ನು ಒಳ್ಳೆಯ ಸ್ಥಿತಿಯಲ್ಲಿ ಮುಗಿಸಿದವರು ಜನರ ಜೊತೆಯಲ್ಲಿ ನೂರನ್ನೂ ಮುಗಿಸುತ್ತಾರೆ.

ಇಳಿಸುವ ವಾರಗಳನ್ನು ಬಿಟ್ಟುಬಿಡುವ ಆಸೆ ಬರುತ್ತದೆ. ಬಿಡಬೇಡಿ. ಹೃದಯ ಮತ್ತು ಉಸಿರು ಮೂರು ನಾಲ್ಕು ವಾರದಲ್ಲೇ ಹೊಂದಿಕೊಳ್ಳುತ್ತವೆ, ಮಂಡಿಯ ಸುತ್ತಲಿನ ಸ್ನಾಯುರಜ್ಜುಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಐದನೇ ವಾರಕ್ಕೆ 'ಈಗ ಏದುಸಿರೇ ಬರುತ್ತಿಲ್ಲ' ಎಂದು ಒಮ್ಮೆಲೇ ದೂರವನ್ನು ದುಪ್ಪಟ್ಟು ಮಾಡಿದವರಿಗೆ ಮಂಡಿನೋವು ಬರುವುದು ಈ ಅಂತರದಿಂದ. ಒಂದು ವಾರ ಜ್ವರವೋ ಊರಿನ ಮದುವೆಯೋ ಬಂದು ತಪ್ಪಿದರೆ, ತಪ್ಪಿದ್ದನ್ನು ಮುಂದಿನ ವಾರಕ್ಕೆ ಸೇರಿಸಿ ತೀರಿಸಲು ಹೋಗಬೇಡಿ. ಹಿಂದೆ ಮುಗಿಸಿದ್ದ ದೂರದಿಂದಲೇ ಮುಂದುವರಿಸಿ.

ವಯಸ್ಸು ನಲವತ್ತು ದಾಟಿ ಇಷ್ಟು ದಿನ ವ್ಯಾಯಾಮವೇ ಇರದವರು, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು, ಏರು ಹತ್ತುವಾಗ ಎದೆ ಬಿಗಿದ ಅನುಭವ ಆದವರು ಶುರು ಮಾಡುವ ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಉದ್ದ ಸವಾರಿಯಲ್ಲಿ ಸಕ್ಕರೆ ದಿಢೀರನೆ ಇಳಿಯುವ ಅಪಾಯವಿದೆ. ಕೆಲವು ಮಾತ್ರೆಗಳಿಂದಲೂ ಹೀಗಾಗುವುದುಂಟು. ಔಷಧದ ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರನ್ನೇ ಕೇಳಿ.

ಮೊದಲು ಸೀಟು, ಆಮೇಲೆ ಬೇರೆಲ್ಲ

ಹೊಸ ಬಟ್ಟೆ, ಹೊಸ ಹೆಲ್ಮೆಟ್ ಕೊಳ್ಳುವ ಮುಂಚೆ ಸೀಟಿನ ಎತ್ತರ ಸರಿಮಾಡಿ. ಖರ್ಚಿಲ್ಲ, ಒಂದು ಅಲೆನ್ ಕೀ (ಆರು ಮೂಲೆಯ ಬಾಗಿದ ಕೀಲಿ) ಸಾಕು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತದಾದ್ದರಿಂದ ಮಂಡಿ ತಾನಾಗಿ ಸ್ವಲ್ಪ ಮಡಿಚಿಕೊಂಡಿರುತ್ತದೆ. ಅಷ್ಟೇ ಬೇಕಾದದ್ದು. ನಿಂತಾಗ ಎರಡೂ ಕಾಲು ನೆಲಕ್ಕೆ ತಾಗಲಿ ಎಂದು ಬಹಳ ಜನ ಸೀಟನ್ನು ತಗ್ಗಿಸಿಕೊಂಡಿರುತ್ತಾರೆ. ಮಂಡಿಯ ಮುಂಭಾಗ ನೋಯುವುದಕ್ಕೆ ಮುಖ್ಯ ಕಾರಣ ಇದು. ಮಂಡಿಯ ಹಿಂಭಾಗ ಎಳೆದರೆ ಅಥವಾ ತುಳಿಯುವಾಗ ಸೊಂಟ ಅತ್ತಿತ್ತ ಓಲಾಡಿದರೆ ಸೀಟು ಹೆಚ್ಚು ಎತ್ತರವಾಯಿತು ಎಂದರ್ಥ. ಒಂದು ಸಲಕ್ಕೆ 5 ಮಿ.ಮೀ. ಮಾತ್ರ ಬದಲಿಸಿ, ಹಳೆಯ ಮಟ್ಟಕ್ಕೆ ಟೇಪ್ ಸುತ್ತಿ ಗುರುತಿಟ್ಟುಕೊಳ್ಳಿ, ಎರಡು ಮೂರು ಸವಾರಿ ನೋಡಿ. ಸೀಟಿನ ಕೆಳಗಿನ ಕೊಳವೆ ಕನಿಷ್ಠ ಎಷ್ಟು ಒಳಗಿರಬೇಕೆಂದು ಅದರ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಎತ್ತಬಾರದು, ಕೊಳವೆ ಬಾಗಬಹುದು ಅಥವಾ ಮುರಿಯಬಹುದು.

ಸೀಟು ಗಟ್ಟಿ ಎಂದು ದಪ್ಪ ಜೆಲ್ ಕವರ್ ಹಾಕಿಸುವವರು ಬಹಳ. ಅರ್ಧ ಗಂಟೆಗೆ ಅದು ಹಿತ, ಮೂರು ಗಂಟೆಗೆ ಹಿಂಸೆ. ಕೂರುವ ಮೂಳೆಗಳು ಅದರೊಳಗೆ ಹೂತುಹೋಗಿ, ತೂಕವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ, ಅಲ್ಲಿ ಜೋಮು ಹಿಡಿಯುತ್ತದೆ. ಆ ದುಡ್ಡಿಗೆ ಪ್ಯಾಡ್ ಇರುವ ಸೈಕಲ್ ಚಡ್ಡಿ ಕೊಳ್ಳಿ. ಅದರೊಳಗೆ ಒಳಉಡುಪು ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ. ಮನೆಗೆ ಬಂದ ತಕ್ಷಣ ಚಡ್ಡಿ ಬದಲಿಸಿ, ಪ್ರತಿ ಸಲ ಒಗೆಯಿರಿ. ಬೆವರಿದ ಚಡ್ಡಿಯಲ್ಲೇ ಕೂತು ಕಾಫಿ ಕುಡಿಯುತ್ತಾ ಪೇಪರ್ ಓದಿದರೆ ಕುರು ಏಳುವುದು ಸಾಮಾನ್ಯ.

ಕಿರುಬೆರಳು, ಉಂಗುರಬೆರಳು ಜುಮ್ ಎನ್ನುತ್ತಿದ್ದರೆ ಅಂಗೈಯ ಹೊರಬದಿಯ ನರ ಒತ್ತುತ್ತಿದೆ ಎಂದು ತಿಳಿಯಿರಿ. ಹೈಬ್ರಿಡ್‌ನ ನೇರ ಹ್ಯಾಂಡಲ್‌ನಲ್ಲಿ ಕೈಗೆ ಒಂದೇ ಜಾಗ. ಹಾಗಾಗಿ ಹತ್ತು ನಿಮಿಷಕ್ಕೊಮ್ಮೆ ಒಂದೊಂದೇ ಕೈ ಬಿಟ್ಟು ಕೊಡವಿ, ಮೊಣಕೈ ಸ್ವಲ್ಪ ಮಡಿಚಿರಲಿ. ಸೀಟಿನ ಮೂಗು ಮುಂದಕ್ಕೆ ಬಾಗಿದ್ದರೆ ಮೈಯ ಭಾರವೆಲ್ಲ ಕೈಗೆ ಬರುತ್ತದೆ. ಅದನ್ನು ಸಮಕ್ಕೆ ತನ್ನಿ.

ಗೇರಿನ ವಿಷಯ ಒಂದೇ ಮಾತು: ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ಬಲಮಂಡಿ ಮೇಲೆ ಬರುವುದನ್ನು 15 ಸೆಕೆಂಡ್ ಎಣಿಸಿ. 20ರಿಂದ 22 ಬಂದರೆ ಸರಿ, 15 ಬಂದರೆ ಗೇರು ಭಾರವಾಗಿದೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿಕೊಳ್ಳಬೇಕು. ಏರಿನ ಮಧ್ಯೆ ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನು ಬೀಳುತ್ತದೆ.

ತಿನ್ನುವುದೂ ಅಭ್ಯಾಸವೇ

ವಾರದ ದಿನದ ಒಂದು ಗಂಟೆಗೆ ನೀರು ಸಾಕು, ಹೊರಡುವ ಮುಂಚೆ ಒಂದು ಬಾಳೆಹಣ್ಣು. ಭಾನುವಾರ ಒಂದೂವರೆ ಗಂಟೆ ದಾಟುವ ದಿನದಿಂದ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏಲಕ್ಕಿ ಬಾಳೆಯಾದರೆ ಎರಡು ಬೇಕು. ನಾಲ್ಕೈದು ಸಾಧಾರಣ ಖರ್ಜೂರವೂ ಅಷ್ಟೇ ಆಗುತ್ತದೆ. ಕಡಲೆ ಚಿಕ್ಕಿ ಒಳ್ಳೆಯದು, ಆದರೆ ಅದನ್ನೇ ನೆಚ್ಚಿಕೊಂಡರೆ ಎಣ್ಣೆಯ ಅಂಶ ಹೆಚ್ಚಾಗಿ ಹೊಟ್ಟೆ ಭಾರ. ಹಸಿವಾದಾಗ ತಿನ್ನೋಣ ಎಂದು ಕಾಯಬೇಡಿ. ಕಣ್ಣು ಕತ್ತಲೆ ಬಂದು ಕಾಲಿನ ಬಲವೆಲ್ಲ ಸೋರಿದ ಮೇಲೆ ತಿಂದದ್ದು ಕೆಲಸಕ್ಕೆ ಬರಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಮೊಬೈಲ್‌ನಲ್ಲಿ 30 ನಿಮಿಷದ ಅಲಾರಂ ಇಟ್ಟು, ಅದು ಕೂಗಿದಾಗಲೆಲ್ಲ ಸ್ವಲ್ಪ ಸ್ವಲ್ಪ ತಿನ್ನಿ.

ನೀರು ಗಂಟೆಗೆ 500ರಿಂದ 750 ಮಿ.ಲೀ., ಬೆವರು ನೋಡಿಕೊಂಡು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನ ಅಂಶ ತೆಳುವಾಗಿ ತಲೆನೋವು, ವಾಕರಿಕೆ ಬರಬಹುದು, ಅತಿಯಾದರೆ ಜೀವಕ್ಕೇ ಅಪಾಯ. ಎರಡು ಬಾಟಲಿಯಲ್ಲಿ ಒಂದಕ್ಕೆ ಓಆರ್‌ಎಸ್ ಹಾಕಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ನಿಂಬೆರಸ ರುಚಿಗೆ. ದಾರಿಯ ಎಳನೀರು ಚೆನ್ನ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ನಾವು ಬೆವರಿನಲ್ಲಿ ಕಳೆದುಕೊಳ್ಳುವ ಸೋಡಿಯಂ ಅದರಲ್ಲಿ ಕಡಿಮೆ. ಜೊತೆಗೆ ಏನಾದರೂ ಉಪ್ಪಿನದು ಇರಲಿ.

ಬೆಳಗಿನ ತಿಂಡಿ ಹೊರಡುವ ಎರಡು ಗಂಟೆ ಮುಂಚೆ: ಮೂರು ನಾಲ್ಕು ಇಡ್ಲಿ, ಅಥವಾ ಅವಲಕ್ಕಿ. ವಡೆ, ಮಸಾಲೆ ದೋಸೆ ಸವಾರಿ ಮುಗಿದ ಮೇಲೆ. ಆಯೋಜಕರು ದಾರಿಯಲ್ಲಿ ಏನು ಕೊಡುತ್ತಾರೆ ಎಂದು ಕೇಳಿಕೊಂಡು ಅದನ್ನೇ ಭಾನುವಾರಗಳಲ್ಲಿ ತಿಂದು ನೋಡಿ. ಆ ದಿನ ಹೊಸದೇನನ್ನೂ ಬಾಯಿಗೆ ಹಾಕಬೇಡಿ.

ಇನ್ನೊಂದು ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ. ಹನ್ನೆರಡು ವಾರವೂ ತಂಪಿನಲ್ಲೇ ತುಳಿದವರಿಗೆ ಬಿಸಿಲಿನ ರೂಢಿಯೇ ಇರುವುದಿಲ್ಲ. 68 ಮತ್ತು 80ರ ಸವಾರಿಗಳನ್ನು ಬೇಕೆಂದೇ 7.30ಕ್ಕೆ ಶುರು ಮಾಡಿ, ಹನ್ನೊಂದು ಹನ್ನೆರಡರವರೆಗೆ ಹೋಗಲಿ.

ಕತ್ತಲು, ರಸ್ತೆ, ಪಂಕ್ಚರ್

ಬೆಂಗಳೂರಿನಲ್ಲಿ ಜೂನ್ ಮೊದಲ ವಾರ ಸೂರ್ಯ 6ಕ್ಕಿಂತ ಮುಂಚೆ ಹುಟ್ಟುತ್ತಾನೆ, ಜನವರಿ ಕೊನೆಗೆ 6.45ರ ಹೊತ್ತಿಗೆ. ನಿಮ್ಮ 5.45 ಚಳಿಗಾಲದಲ್ಲಿ ಅಪ್ಪಟ ಕತ್ತಲು. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇಲ್ಲದೆ ಗೇಟು ದಾಟಬೇಡಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯುವುದಕ್ಕಿಂತ ನಿಂತು, ಇಳಿದು, ಸೈಕಲ್ಲನ್ನು ಅದಕ್ಕೂ ನಿಮಗೂ ನಡುವೆ ಹಿಡಿಯುವುದು ಮೇಲು. ಓಡುವುದು ನಿಂತರೆ ಸಾಮಾನ್ಯವಾಗಿ ನಾಯಿಯೂ ನಿಲ್ಲುತ್ತದೆ.

ಉದ್ದ ಸವಾರಿಗೆ ಬೆಂಗಳೂರು-ಮೈಸೂರು ಹೆದ್ದಾರಿಯ ಆಲೋಚನೆ ಇದ್ದರೆ, ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಸೈಕಲ್‌ಗಳನ್ನು 2023ರ ಆಗಸ್ಟ್ 1ರಿಂದ ಬಿಡುತ್ತಿಲ್ಲ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಎದುರುಗಡೆಯಿಂದ ಬರುವ ವಾಹನಗಳ ಮೇಲೆ ಕಣ್ಣಿರಲಿ. ನಂದಿಬೆಟ್ಟದ ಕಡೆ ಹೋಗುವವರು ತುದಿಯವರೆಗೆ ಹತ್ತಲೇಬೇಕಿಲ್ಲ. ತುದಿ ಇರುವುದು 1,478 ಮೀಟರ್ ಎತ್ತರದಲ್ಲಿ. ಬುಡದಿಂದ ಸುಮಾರು 8 ಕಿ.ಮೀ. ಏರು ಒಂಬತ್ತನೇ ವಾರಕ್ಕೆ ಮುಂಚೆ ಮಂಡಿಗೆ ಬೇಡ. ಇಳಿಯುವಾಗ ಬ್ರೇಕನ್ನು ಒಂದೇ ಸಮ ಹಿಡಿದಿರಬೇಡಿ, ರಿಮ್ಮು ಕಾಯುತ್ತದೆ. ತಿರುವಿಗೆ ಮೊದಲು ಎರಡನ್ನೂ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ.

ಪ್ರತಿ ಸವಾರಿಗೂ ಮುಂಚೆ ಗಾಳಿ ನೋಡಿ. 70 ಕೆ.ಜಿ. ತೂಗುವವರಿಗೆ 35 ಮಿ.ಮೀ. ಹೈಬ್ರಿಡ್ ಟೈರಿಗೆ 50ರಿಂದ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸರಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿ ದಾಟಬೇಡಿ. ಟ್ಯೂಬು ಬಿಚ್ಚಿದಾಗ ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡರೆ ಮುಳ್ಳಿನ ತಪ್ಪಲ್ಲ, ಗಾಳಿ ಕಡಿಮೆಯಿದ್ದು ಗುಂಡಿಯ ಅಂಚಿಗೆ ರಿಮ್ಮು ಬಡಿದಿದೆ. ಒಂದೇ ತೂತಾದರೆ ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಗೆ ಬೆರಳಾಡಿಸಿ, ಮುಳ್ಳೋ ತಂತಿಯ ಚೂರೋ ಅಲ್ಲೇ ಉಳಿದಿರುತ್ತದೆ. ಅದನ್ನು ಕೀಳದಿದ್ದರೆ ಹೊಸದೂ ಹತ್ತು ನಿಮಿಷಕ್ಕೆ ಹೋಗುತ್ತದೆ. ಒಂದು ಟ್ಯೂಬು, ಟೈರು ಬಿಚ್ಚುವ ಎರಡು ಟೈರ್ ಲಿವರ್, ಪುಟ್ಟ ಪಂಪು ಸದಾ ಜೊತೆಗಿರಲಿ. ಹಿಂದಿನ ಚಕ್ರ ಬಿಚ್ಚಿ ಹಾಕುವುದನ್ನು ಮನೆಯಲ್ಲಿ ಎರಡು ಸಲ ಮಾಡಿ ನೋಡಿ. ಚೈನಿಗೆ ಸುಮಾರು 200 ಕಿ.ಮೀ.ಗೊಮ್ಮೆ ಎಣ್ಣೆ, ಮಳೆಯಲ್ಲಿ ನೆನೆದರೆ ಅಂದೇ. ಹಾಕಿದ ಮೇಲೆ ಹೊರಗಿನದ್ದನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಧೂಳು ಕೂತು ಹಲ್ಲುಗಳನ್ನು ಸವೆಸುತ್ತದೆ.

ಕೊನೆಯ ವಾರ ಮತ್ತು ಆ ದಿನ

ಕೊನೆಯ ವಾರ ಎರಡು ಸಲ 40 ನಿಮಿಷ ಹಗುರವಾಗಿ ತುಳಿದರೆ ಸಾಕು. ಹೊಸ ಟೈರು, ಹೊಸ ಬ್ರೇಕ್ ಪ್ಯಾಡ್ ಹಾಕಿಸುವುದಿದ್ದರೆ ಎರಡು ವಾರ ಮೊದಲೇ ಹಾಕಿಸಿ, ಹಿಂದಿನ ದಿನ ಅಲ್ಲ.

ದಾನಿಗಳ ಹಣವನ್ನು ನಿಮ್ಮ ಸ್ವಂತ ಯುಪಿಐಗೆ ಪಡೆಯದೆ ಸಂಸ್ಥೆಯ ಖಾತೆಗೇ ನೇರ ಹಾಕಿಸಿ, ರಸೀದಿ ದಾನಿಗಳ ಹೆಸರಿಗೇ ಬರಲಿ. ತೆರಿಗೆ ರಿಯಾಯಿತಿ ಬೇಕೆನ್ನುವವರಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದು ಲೆಕ್ಕಕ್ಕೆ ಬರುವುದಿಲ್ಲ ಎಂದು ಮೊದಲೇ ಹೇಳಿ.

ಹೊರಟ ಮೇಲೆ ಮೊದಲ 30 ಕಿ.ಮೀ. ನಿಮ್ಮ ಮಂಗಳವಾರದ ವೇಗದಲ್ಲೇ ಹೋಗಿ. ಚಪ್ಪಾಳೆ, ಡೋಲು, ಗುಂಪಿನ ಹುಮ್ಮಸ್ಸಿಗೆ ಎಲ್ಲರೂ ಗಂಟೆಗೆ 25ರಲ್ಲಿ ಓಡುತ್ತಾರೆ. ಅವರಲ್ಲಿ ಅನೇಕರು 70ನೇ ಕಿ.ಮೀ.ನಲ್ಲಿ ಮರದ ನೆರಳಲ್ಲಿ ಸಿಗುತ್ತಾರೆ. ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ನಿಮ್ಮ ಮುಂದಿನ ಚಕ್ರ ತರಬೇಡಿ, ಅವರು ಗುಂಡಿ ತಪ್ಪಿಸಲು ಸರಿದರೆ ಬೀಳುವುದು ನೀವೇ. ನಿಲ್ಲುವ ಮುಂಚೆ ಕೂಗಿ ಹೇಳಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಲ್ಲಿ. ಒಂದೊಂದು ಕಡೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಕಾಲು ಬಿಗಿಯುತ್ತದೆ. ಮೀನಖಂಡ ಹಿಡಿದುಕೊಂಡರೆ ಇಳಿದು ನಿಧಾನವಾಗಿ ಚಾಚಿ, ಹಗುರ ಗೇರಿನಲ್ಲಿ ಮುಂದುವರಿಸಿ. ತಲೆ ಸುತ್ತು, ವಾಂತಿ, ಬಿಸಿಲಲ್ಲೂ ಚಳಿ, ಮಾತು ತೊದಲುವುದು, ಎದೆನೋವು ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ನಿಂತು ನೆರವಿನ ವಾಹನಕ್ಕೆ ಫೋನ್ ಮಾಡಿ. ಪ್ರತಿ ಕಿ.ಮೀ.ಗೆ ಇಷ್ಟು ಎಂದು ದಾನಿಗಳು ಒಪ್ಪಿದ್ದರೂ, 70ಕ್ಕೆ ನಿಂತರೆ 70ರ ಹಣ ಆ ಮಕ್ಕಳಿಗೆ ಸೇರಿಯೇ ಸೇರುತ್ತದೆ.