ಈಗ ತಾನೇ ಕುಯ್ದ ಮಟನ್ ಯಾಕೆ ಬೇಯೋದಿಲ್ಲ?

ಭಾನುವಾರ ಬೆಳಿಗ್ಗೆ ಮಟನ್ ಅಂಗಡಿ ಮುಂದೆ ನಿಂತವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: ಯಾವಾಗ ಕುಯ್ದಿದ್ದು? "ಈಗ ತಾನೇ ಸಾರ್, ಇನ್ನೂ ಬಿಸಿ ಇದೆ ಮುಟ್ಟಿ ನೋಡಿ" ಅಂತ ಅಂಗಡಿಯವರು ಅಂದರೆ ಸಾಕು, ಅರ್ಧ ಕೇಜಿಗೆ ಬಂದವರು ಒಂದು ಕೇಜಿ ತಗೊಂಡು ಹೋಗುತ್ತಾರೆ. ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ, ನಮ್ಮ ಸೆಕೆಯಲ್ಲಿ, ಮಾಂಸ ಕೆಟ್ಟಿಲ್ಲ ಅನ್ನೋದಕ್ಕೆ ಕುಯ್ದ ಹೊತ್ತೇ ಗ್ಯಾರಂಟಿ. ಆದರೆ ಕೆಡದೇ ಇರೋದು ಬೇರೆ, ಮೆತ್ತಗೆ ಬೇಯೋದು ಬೇರೆ.

ಪ್ರಾಣಿ ಸತ್ತ ಕ್ಷಣಕ್ಕೇ ಅದರ ಸ್ನಾಯು ಸಾಯುವುದಿಲ್ಲ. ರಕ್ತದ ಓಡಾಟ ನಿಂತಿರುತ್ತದೆ, ಆಮ್ಲಜನಕ ಬರುತ್ತಿರುವುದಿಲ್ಲ. ಆದರೂ ಒಳಗೆ ಕೂಡಿಟ್ಟ ಗ್ಲೈಕೋಜೆನ್ ಅನ್ನೋ ಸಕ್ಕರೆಯ ದಾಸ್ತಾನನ್ನು ಒಡೆದುಕೊಂಡು ಜೀವಕೋಶಗಳು ಸ್ವಲ್ಪ ಹೊತ್ತು ಕೆಲಸ ಮಾಡುತ್ತಲೇ ಇರುತ್ತವೆ. ಹಳ್ಳಿಯಲ್ಲಿ ಗುಡ್ಡೆ ಬಾಡು ತಂದವರು ಇದನ್ನು ಕಣ್ಣಾರೆ ನೋಡಿರುತ್ತಾರೆ. ಆಗಷ್ಟೇ ಕಡಿದ ತುಂಡಿಗೆ ಉಪ್ಪು ಹಚ್ಚಿದರೆ ಅದು ಕೈಯಲ್ಲೇ ಅದುರುತ್ತದೆ, ಮಕ್ಕಳು ಹೆದರಿ ಓಡುತ್ತಾರೆ. ಭೂತ ಪ್ರೇತ ಏನೂ ಇಲ್ಲ. ಸ್ನಾಯುವಿನಲ್ಲಿ ಶಕ್ತಿ ಇನ್ನೂ ಉಳಿದಿದೆ, ಉಪ್ಪಿನ ಸೋಡಿಯಂ ತಗುಲಿ ಅದು ಸೆಟೆಯುತ್ತಿದೆ, ಅಷ್ಟೇ.

ಆ ಶಕ್ತಿಯನ್ನು ಹೊತ್ತಿರುವ ಅಣುವಿನ ಹೆಸರು ಎಟಿಪಿ. ಸ್ನಾಯುವಿನ ಎಳೆಗಳು ಒಂದನ್ನೊಂದು ಹಿಡಿದು ಎಳೆಯುವುದಕ್ಕೆ ಇದು ಬೇಕು. ಹಿಡಿದದ್ದನ್ನು ಬಿಡುವುದಕ್ಕೂ ಇದೇ ಬೇಕು. ಎಟಿಪಿ ಖಾಲಿಯಾದಾಗ ಎಳೆಗಳು ಹಿಡಿದಲ್ಲೇ ಬಿಗಿದುಕೊಂಡು ನಿಲ್ಲುತ್ತವೆ. ಪೊಲೀಸ್ ಸೀರಿಯಲ್‌ಗಳಲ್ಲಿ ಕೇಳುತ್ತೀವಲ್ಲ, ರಿಗರ್ ಮಾರ್ಟಿಸ್, ಅದೇ ಇದು. ಕುರಿ, ಮೇಕೆಯಲ್ಲಿ ಹೀಗಾಗುವುದಕ್ಕೆ ಕೆಲವು ಗಂಟೆ ಬೇಕು, ಕೋಳಿಯಲ್ಲಿ ಇನ್ನೂ ಬೇಗ. ಅಂದರೆ ನಸುಕಿನಲ್ಲಿ ಕುಯ್ದ ಮೇಕೆಯ ಮಾಂಸ ನಾವು ಕ್ಯೂ ನಿಂತು ತಗೊಂಡು ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಬಿಗಿಯುತ್ತಾ ಇರುತ್ತದೆ. ಅದನ್ನೇ ಕುಕ್ಕರ್‌ಗೆ ಹಾಕಿ, ಆರು ವಿಷಲ್ ಆದಮೇಲೂ ಜಗಿಯೋಕೆ ಆಗದೆ, ಮುದಿ ಮೇಕೆ ಕೊಟ್ಟುಬಿಟ್ಟ ಅಂತ ಅಂಗಡಿಯವನನ್ನು ಬೈಯುತ್ತೇವೆ. ಪಾಪ, ಮೇಕೆ ಎಳೆಯದೇ ಇದ್ದಿರಬಹುದು!

ಸುಮ್ನೆ ಕಾದರೆ ಈ ಬಿಗಿತ ಸಡಿಲವಾಗುತ್ತದೆ. ಕ್ಯಾಲ್ಪೇನ್ ಅನ್ನೋ ಕಿಣ್ವಗಳು ಮಾಂಸದೊಳಗೇ ಇರುತ್ತವೆ, ಅವು ಎಳೆಗಳನ್ನು ಹಿಡಿದಿಟ್ಟ ಪ್ರೋಟೀನ್‌ಗಳನ್ನು ನಿಧಾನವಾಗಿ ತುಂಡು ಮಾಡುತ್ತವೆ. ಹಾಗಾಗಿ ನನ್ನ ಸಲಹೆ ಇಷ್ಟು: ಭಾನುವಾರದ ಊಟಕ್ಕೆ ಶನಿವಾರವೇ ಮಟನ್ ತನ್ನಿ, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಒಂದು ರಾತ್ರಿ ಇಡಿ. ವ್ಯತ್ಯಾಸ ಬಾಯಿಗೇ ಗೊತ್ತಾಗುತ್ತದೆ. ಆದರೆ ಇನ್ನೂ ಬಿಸಿ ಇರುವ ಮಾಂಸವನ್ನು ತಂದ ತಕ್ಷಣ ಫ್ರೀಜರ್‌ಗೆ ತುರುಕಬೇಡಿ. ಎಟಿಪಿ ಮುಗಿಯುವ ಮೊದಲೇ ಹೆಪ್ಪುಗಟ್ಟಿದ ಮಾಂಸ, ಮುಂದೆ ಕರಗುವಾಗ ಒಮ್ಮೆಲೇ ಕುಗ್ಗಿ ನೀರು ಬಿಟ್ಟು ರಬ್ಬರ್ ಆಗುತ್ತದೆ. ಕಣ್ಣೆದುರೇ ಕುಯ್ಸಿದ್ದು, ಇನ್ನೂ ಅದುರುತ್ತಾ ಇರುವುದು ಸಿಕ್ಕರೆ ಬಿಗಿಯುವ ಮೊದಲೇ ಒಲೆಗೆ ಏರಿಸಿಬಿಡುವುದೂ ಒಂದು ದಾರಿ. ಹಳ್ಳಿಯವರು ಮಾಡುತ್ತಾ ಬಂದಿರುವುದು ಅದನ್ನೇ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಸಾಯುವ ಮೊದಲು ಪ್ರಾಣಿ ಹೇಗಿತ್ತು ಅನ್ನೋದೂ ಮಾಂಸದಲ್ಲಿ ಕಾಣುತ್ತದೆ. ಗ್ಲೈಕೋಜೆನ್ ಒಡೆದಾಗ ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತದೆ. ಅದರಿಂದ ಮಾಂಸದ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಸುಮಾರು 7ರಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ಈ ಸಣ್ಣ ಹುಳಿಯೇ ಬ್ಯಾಕ್ಟೀರಿಯಾಗಳನ್ನು ಸ್ವಲ್ಪ ಕಾಲ ತಡೆದು ನಿಲ್ಲಿಸುತ್ತದೆ. ಸಂತೆಯಿಂದ ಲಾರಿಯಲ್ಲಿ ನೀರು ಮೇವಿಲ್ಲದೆ ತುಂಬಿಸಿಕೊಂಡು ಬಂದು, ಇಳಿಸಿದ ಕೂಡಲೇ ಕುಯ್ದರೆ, ಆ ಪ್ರಾಣಿಯ ಗ್ಲೈಕೋಜೆನ್ ದಾರಿಯಲ್ಲೇ ಮುಗಿದಿರುತ್ತದೆ. ಆಮ್ಲ ಹುಟ್ಟುವುದಕ್ಕೆ ಸಾಮಾನೇ ಇಲ್ಲ. ಅಂಥ ಮಾಂಸ ಕಪ್ಪುಗೆಂಪಾಗಿ, ಗಟ್ಟಿಯಾಗಿ, ಕತ್ತರಿಸಿದ ಜಾಗದಲ್ಲಿ ಒಣಗಿದ ಹಾಗೆ ಇರುತ್ತದೆ. ಬೇಗ ಕೆಡುತ್ತದೆ ಕೂಡ. ಬೆಳಿಗ್ಗೆ ತಾನೇ ಕುಯ್ದಿದ್ದರೂ ಹೀಗೆ ಕಂಡರೆ ನಾನಂತೂ ಬೇರೆ ಅಂಗಡಿಗೆ ಹೋಗುತ್ತೇನೆ.

ಬಣ್ಣದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾಂಸ ಕೆಂಪಗಿರೋದು ರಕ್ತದಿಂದಲ್ಲ, ರಕ್ತ ಹೆಚ್ಚುಕಡಿಮೆ ಎಲ್ಲಾ ಕುಯ್ದಾಗಲೇ ಹರಿದುಹೋಗಿರುತ್ತದೆ. ಪ್ಯಾಕೆಟ್ ತಳದಲ್ಲಿ ನಿಲ್ಲುವ ಕೆಂಪು ನೀರೂ ರಕ್ತವಲ್ಲ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ಇದೆ, ಅದರ ಬಣ್ಣ ಇದು. ಗಾಳಿ ತಾಗದಾಗ ಅದು ನೇರಳೆ ಛಾಯೆಯಲ್ಲಿರುತ್ತದೆ, ಗಾಳಿ ತಾಗಿದರೆ ಕಡುಗೆಂಪು, ಬಹಳ ಹೊತ್ತಾದರೆ ಅದರೊಳಗಿನ ಕಬ್ಬಿಣದ ಅಂಶ ಉತ್ಕರ್ಷಣಗೊಂಡು ಕಂದು. ಗಾಳಿ ತೆಗೆದ ಪ್ಯಾಕೆಟ್ಟಿನಲ್ಲಿ ಮನೆಗೆ ಬರುವ ಮಟನ್ ನೇರಳೆಯಾಗಿ ಕಂಡರೆ ಗಾಬರಿ ಬೇಡ. ಬಿಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ನೋಡಿ, ಕೆಂಪಾಗುತ್ತದೆ. ಕತ್ತರಿಸಿದ ಜಾಗದಲ್ಲಿ ಹಸಿರು ಮಿಶ್ರಿತ ಹೊಳಪು ಕಂಡರೂ ಎಷ್ಟೋ ಸಲ ಅದು ಎಳೆಗಳ ಮೇಲೆ ಬೆಳಕು ಚದುರಿ ಬರುವ ಬಣ್ಣ ಮಾತ್ರ. ವಾಸನೆ, ಲೋಳೆ ಇಲ್ಲದಿದ್ದರೆ ತೊಂದರೆಯಿಲ್ಲ. ಆದರೆ ಕೆಂಪು ಬಲ್ಬ್ ಹಾಕಿದ ಅಂಗಡಿಯಲ್ಲಿ ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ. ತುಂಡನ್ನು ಬಾಗಿಲ ಬೆಳಕಿಗೆ ಹಿಡಿಸಿ.

ಬೆರಳಿಂದ ಒತ್ತಿದರೆ ಮಾಂಸ ವಾಪಸ್ ಏಳಬೇಕು. ಮೇಲ್ಮೈ ಹೆಚ್ಚುಕಡಿಮೆ ಒಣಗಿರಬೇಕು, ಲೋಳೆ ಕೈಗೆ ಅಂಟಬಾರದು. ನೀರು ತೊಟ್ಟಿಕ್ಕುತ್ತಿದ್ದರೆ ನೀವು ನೀರಿಗೂ ದುಡ್ಡು ಕೊಡುತ್ತಿದ್ದೀರಿ. ಇನ್ನು ವಾಸನೆ. ಚೆನ್ನಾಗಿರುವ ಮಾಂಸಕ್ಕೆ ವಾಸನೆ ಕಡಿಮೆ. ಕೊಳೆಸುವ ಬ್ಯಾಕ್ಟೀರಿಯಾಗಳು ಮೊದಲು ಮಾಂಸದಲ್ಲಿನ ಸಕ್ಕರೆ ತಿನ್ನುತ್ತವೆ, ಅದು ಮುಗಿದಮೇಲೆ ಅಮೈನೋ ಆಮ್ಲಗಳಿಗೆ ಬಾಯಿ ಹಾಕುತ್ತವೆ, ಕೆಟ್ಟ ವಾಸನೆ ಬರೋದು ಆಗ. ಆ ಹೊತ್ತಿಗೆ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ಅವುಗಳ ಸಂಖ್ಯೆ ಒಂದು ಕೋಟಿಯ ಆಸುಪಾಸಿಗೆ ಬಂದಿರುತ್ತದೆ. ಆದರೆ ಮೂಗಿಗೂ ಒಂದು ಮಿತಿ ಇದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಥರದವು ಯಾವ ವಾಸನೆಯನ್ನೂ ಕೊಡದೆ ಕೂತಿರಬಲ್ಲವು. ಅವುಗಳಿಗೆ ಮದ್ದು ಬೆಂಕಿಯೇ. ಹಾಗಾಗಿ ಹೊಸತೊಡಕಿನಂಥ ದಿನ, ಯುಗಾದಿಯ ಬಿಸಿಲಲ್ಲಿ, ರಾತ್ರಿಯಿಂದಲೇ ಕುಯ್ದು ರಾಶಿ ಹಾಕಿಕೊಂಡು ಮಾರುವಾಗ ಯಾವಾಗ ಕುಯ್ದಿದ್ದು ಅಂತ ಕೇಳೋದು ತಪ್ಪಲ್ಲ. ಅಂಥ ರಾಶಿಯ ಮಧ್ಯದ ಬಿಸಿ ಬೇಗ ಆರುವುದಿಲ್ಲ. ನೇತುಹಾಕಿದ ಮಾಂಸದಿಂದಲೇ ಕಡಿಸಿಕೊಳ್ಳಿ.

ವಯಸ್ಸು ಗೊತ್ತಾಗಬೇಕಾದರೆ ಮೂಳೆ ನೋಡಿ. ಎಳೆಯ ಮರಿಯ ಪಕ್ಕೆಲುಬು ಸಣ್ಣದು, ಕಡಿದ ಜಾಗದಲ್ಲಿ ನಸುಗೆಂಪು. ಬಲಿತದ್ದರ ಮೂಳೆ ಬೆಳ್ಳಗೆ, ಗಟ್ಟಿ, ಮಾಂಸವೂ ಗಾಢ ಬಣ್ಣ. ಕುರಿಯೋ ಮೇಕೆಯೋ ಅನ್ನೋ ಅನುಮಾನಕ್ಕೆ ಎಷ್ಟೋ ಅಂಗಡಿಯವರು ಬಾಲ ಕತ್ತರಿಸದೆ ಉಳಿಸಿಯೇ ನೇತುಹಾಕಿರುತ್ತಾರೆ. ಬಾಲ ಇಲ್ಲದಿದ್ದರೆ ಕೊಬ್ಬು ನೋಡಿ. ಕುರಿಗೆ ಚರ್ಮದಡಿಯಲ್ಲಿ ಬಿಳಿ ಕೊಬ್ಬಿನ ಪದರ ಜಾಸ್ತಿ, ಮೇಕೆಗೆ ಕೊಬ್ಬು ಹೆಚ್ಚಾಗಿ ಹೊಟ್ಟೆಯೊಳಗೆ. ಬಲಿತ ಹೋತದ ಗಬ್ಬು ವಾಸನೆ ಕೂತಿರುವುದೂ ಕೊಬ್ಬಿನಲ್ಲೇ, 4-ಇಥೈಲ್ ಆಕ್ಟನೋಯಿಕ್ ಆಮ್ಲದಂಥ ಕೆಲವು ಕೊಬ್ಬಿನಾಮ್ಲಗಳು ಅದಕ್ಕೆ ಕಾರಣ. ಬೀಜ ಒಡೆಸಿದ ಹೋತದಲ್ಲಿ ಅದು ಕಡಿಮೆ. ಬನ್ನೂರು ಕುರಿಗೆ ಇರುವ ಹೆಸರಂತೂ ಎಲ್ಲರಿಗೂ ಗೊತ್ತು: ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಇಂಗ್ಲಿಷ್ ಯು ಅಕ್ಷರ. ಅಪ್ಪಟ ತಳಿ ಈಗ ಅಪರೂಪ, ಬೋರ್ಡುಗಳು ಮಾತ್ರ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಇವೆ.

ಏನು ಮಾಡುತ್ತೀರಿ ಅನ್ನೋದನ್ನು ಮೊದಲೇ ಅಂಗಡಿಯವರಿಗೆ ಹೇಳಿದರೆ ಅರ್ಧ ಕೆಲಸ ಮುಗೀತು. ಸಾರಿಗೆ ತೊಡೆ ಮಾಂಸವೇ ಬೇಕು ಅಂತ ಹಟ ಹಿಡಿಯುವವರನ್ನು ಕಂಡರೆ ನನಗೆ ಬೇಜಾರು. ತೊಡೆಯಲ್ಲಿ ಕೊಲಾಜೆನ್ (ಎಳೆಗಳನ್ನು ಕಟ್ಟಿಹಿಡಿಯುವ ಗಟ್ಟಿ ಪ್ರೋಟೀನ್) ಕಮ್ಮಿ, ಹೆಚ್ಚು ಬೇಯಿಸಿದರೆ ನಾರುನಾರಾಗುತ್ತದೆ. ಕತ್ತು, ಮುಂಗಾಲು, ಕಾಲಿನ ಮೂಳೆಯ ಸುತ್ತಲಿನ ಮಾಂಸ ಸದಾ ದುಡಿದಿರುತ್ತದೆ, ಅದರಲ್ಲಿ ಕೊಲಾಜೆನ್ ಜಾಸ್ತಿ. ಕುಕ್ಕರಿನ ಒಳಗೆ ಉಷ್ಣತೆ 120 ಡಿಗ್ರಿ ಹತ್ತಿರ ಹೋಗುತ್ತದೆ, ಅಷ್ಟು ಕಾವಿಗೆ ಕೊಲಾಜೆನ್ ಕರಗಿ ಜೆಲಾಟಿನ್ ಆಗಿ ಸಾರಿಗೆ ಅಂಟು, ತೂಕ ಎರಡೂ ಬರುತ್ತವೆ. ತೊಡೆಯನ್ನು ಫ್ರೈಗೆ, ಕೈಮಾಕ್ಕೆ ಇಟ್ಟುಕೊಳ್ಳಿ. ಕೈಮಾ ಮಾತ್ರ ಕಣ್ಣೆದುರೇ ಮಾಡಿಸಿ, ಅದೇ ದಿನ ಬೇಯಿಸಿ. ಕೊಚ್ಚಿದಾಗ ಮೇಲಿದ್ದ ಬ್ಯಾಕ್ಟೀರಿಯಾ ಎಲ್ಲಾ ಕಡೆ ಹರಡಿಬಿಡುತ್ತದೆ.

ಕೋಳಿಗೂ ಇದೇ ನಿಯಮ, ಸಮಯ ಮಾತ್ರ ಕಡಿಮೆ. ಕುಯ್ಸಿ ತಂದು ಐದಾರು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು, ಎರಡು ದಿನ ದಾಟಿಸಬೇಡಿ. ನಲ್ಲಿ ಕೆಳಗೆ ಹಿಡಿದು ಜೋರಾಗಿ ತೊಳೆದರೆ ಸಿಂಕು, ಪಕ್ಕದಲ್ಲಿಟ್ಟ ಸೌತೆಕಾಯಿ, ಎಲ್ಲದರ ಮೇಲೂ ಹನಿ ಸಿಡಿಯುತ್ತದೆ. ತೊಳೆಯಲೇಬೇಕು ಅನ್ನಿಸಿದರೆ ಪಾತ್ರೆಯಲ್ಲಿ ಮೆಲ್ಲಗೆ ತೊಳೆದು, ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜಿ.

ಲಿವರ್ ತಗೊಳ್ಳುವಾಗ ಇಡೀದನ್ನು ತೋರಿಸಿ ಅನ್ನಿ. ನುಣ್ಣಗೆ ಹೊಳೆಯುತ್ತಿರಬೇಕು, ಬಿಳಿ ಗಂಟು, ನೀರು ತುಂಬಿದ ಗುಳ್ಳೆ ಇರಬಾರದು. ಕುರಿಯ ಲಿವರ್, ಶ್ವಾಸಕೋಶದಲ್ಲಿ ಕಾಣುವ ಆ ನೀರುಗುಳ್ಳೆ ಎಷ್ಟೋ ಸಲ ಎಕಿನೊಕಾಕಸ್ ಅನ್ನೋ ಲಾಡಿಹುಳುವಿನ ಮರಿಗಳ ಮನೆ. ಅದನ್ನು ತಿಂದ ನಾಯಿಯ ಕರುಳಲ್ಲಿ ಹುಳು ಬೆಳೆಯುತ್ತದೆ, ನಾಯಿಯ ಮಲದಲ್ಲಿ ಮೊಟ್ಟೆ ಹೊರಬರುತ್ತದೆ, ಆ ಮೊಟ್ಟೆ ಸೊಪ್ಪಿನಲ್ಲೋ ಕೈಯಲ್ಲೋ ಸೇರಿ ನಮ್ಮ ಹೊಟ್ಟೆಗೆ ಹೋದರೆ ಅದೇ ಗುಳ್ಳೆ ನಮ್ಮ ಲಿವರ್‌ನಲ್ಲೂ ಆಗಬಹುದು. ಮನೆಗೆ ತಂದಮೇಲೆ ಇಂಥದ್ದು ಕಂಡರೆ ಬೀದಿನಾಯಿಗೆ ಎಸೆಯಬೇಡಿ. ಸುಟ್ಟುಹಾಕಿ, ಇಲ್ಲವೇ ನಾಯಿ ಕೆದಕದಷ್ಟು ಆಳದಲ್ಲಿ ಹೂತುಬಿಡಿ.