ಎದೆಯೊಳಗಿನ ಕಿವಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪ್‌ಗಳಲ್ಲಿ ದುಡಿಯುವ ವೆಲ್ಡರ್ ಒಬ್ಬರಿಗೆ ಪೇಸ್‌ಮೇಕರ್ ಕೂರಿಸಿದರು ಎನ್ನಿ. ಇನ್ನು ಕೆಲಸಕ್ಕೆ ಹೋಗಬಹುದೇ ಎಂದು ಅವರು ವೈದ್ಯರನ್ನು ಕೇಳುವ ಮೊದಲೇ ಮನೆಯವರೂ ಮಾಲೀಕರೂ ತೀರ್ಪು ಕೊಟ್ಟಿರುತ್ತಾರೆ: ಕರೆಂಟಿನ ಹತ್ತಿರ ಸುಳಿಯಬೇಡ. ಕಳಕಳಿಯ ಮಾತೇ ಹೌದು. ಆದರೆ ಅಳೆದು ನೋಡದೆ ಆಡಿದ ಮಾತು. ಒಂದು ಸಂಸಾರದ ಅನ್ನ ಅದರಿಂದ ಹೋಗುತ್ತದೆ.

ಪೇಸ್‌ಮೇಕರ್ ಹೃದಯವನ್ನು ಮಿಡಿಸುವ ಮೊದಲು ಅದನ್ನು ಆಲಿಸುತ್ತದೆ. ಕೊರಳ ಎಲುಬಿನ ಕೆಳಗೆ, ಚರ್ಮದಡಿಯ ಪುಟ್ಟ ಪೆಟ್ಟಿಗೆಯಿಂದ ತೆಳುವಾದ ತಂತಿ ರಕ್ತನಾಳದೊಳಗೆ ಹಾದು ಹೃದಯಕ್ಕೆ ಇಳಿದಿರುತ್ತದೆ. ಹೃದಯ ತಾನಾಗಿ ಮಿಡಿದಾಗ ಹುಟ್ಟುವ ಕೆಲವೇ ಮಿಲಿವೋಲ್ಟ್‌ಗಳ ಸದ್ದು ಕೇಳಿಸಿದರೆ ಸಾಧನ ಸುಮ್ಮನಿರುತ್ತದೆ. ಕೇಳಿಸದಿದ್ದರೆ ತಾನೇ ವಿದ್ಯುತ್ತಿನ ತಟ್ಟು ಕೊಡುತ್ತದೆ. ತೊಂದರೆ ಇರುವುದು ಈ ಕಿವಿಯಲ್ಲಿ. ಹೊರಗಿನ ವಿದ್ಯುತ್ ಗದ್ದಲವನ್ನೇ ಮಿಡಿತವೆಂದು ನಂಬಿದರೆ ಅದು ಕೊಡಬೇಕಾದ ತಟ್ಟನ್ನು ತಡೆಹಿಡಿಯುತ್ತದೆ, ಮನುಷ್ಯನಿಗೆ ತಲೆ ಸುತ್ತುತ್ತದೆ. ಅಪಾಯದ ಲಯವನ್ನು ಷಾಕ್ ಕೊಟ್ಟು ಸರಿಪಡಿಸುವ ಐಸಿಡಿ, ಅದೇ ಗದ್ದಲಕ್ಕೆ ಮೋಸಹೋಗಿ ಬೇಡದ ಷಾಕ್ ಕೊಡಬಹುದು.

ಗದ್ದಲದ ಬಲ ದೂರ ಹೆಚ್ಚಿದಂತೆ ಬೇಗನೆ ಕುಗ್ಗುತ್ತದೆ. ಆದ್ದರಿಂದಲೇ ವೆಲ್ಡಿಂಗ್ ಕಿಡಿ ಎದೆಯಿಂದ ಕನಿಷ್ಠ 60 ಸೆಂಟಿಮೀಟರ್ ದೂರವಿರಬೇಕು, ಎರಡೂ ಕೇಬಲ್‌ಗಳನ್ನು ಒಂದಕ್ಕೊಂದು ಹೆಣೆದಿಡಬೇಕು, ಹೆಗಲ ಮೇಲೆ ಹಾಕಿಕೊಳ್ಳಲೇಬಾರದು, ಅರ್ತ್ ಕ್ಲಾಂಪ್ ಬೆಸುಗೆಯ ಪಕ್ಕದಲ್ಲೇ ಇರಬೇಕು, ಕೈಗವಸು ಒಣಗಿರಬೇಕು. ಕರೆಂಟಿನ ಮಿತಿ ಎಷ್ಟು ಆಂಪಿಯರ್ ಎಂಬುದನ್ನು ಸಾಧನದ ತಯಾರಕರು ತಿಳಿಸುತ್ತಾರೆ. ತಲೆ ಹಗುರಾಯಿತು ಎನ್ನಿಸಿದ ಕ್ಷಣ ಹೋಲ್ಡರ್ ಕೆಳಗಿಟ್ಟು ದೂರ ಸರಿಯಬೇಕು.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೆ ವಿದ್ಯುತ್ತಿನ ಭಯವಿಲ್ಲ. ಅವರು ಕಾಯಬೇಕಾದದ್ದು ತಂತಿಯನ್ನು. ಅದು ಹೃದಯದ ಗೋಡೆಗೆ ಹಿಡಿದು ಕೂರುವವರೆಗೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಆ ಕಡೆಯ ಕೈಯನ್ನು ಭುಜದ ಮೇಲಕ್ಕೆ ಎತ್ತಬಾರದು, ಭಾರ ಹೊರಬಾರದು. ಹೆದರಿ ಕೈಯನ್ನು ಅಲ್ಲಾಡಿಸದೇ ಇಟ್ಟುಕೊಂಡರೆ ಭುಜವೇ ಬಿಗಿದುಹೋಗುತ್ತದೆ. ಮುಂದೆಯೂ ಚೀಲ ಆ ಹೆಗಲಿಗೆ ಬೇಡ.

ಐಸಿಡಿ ಇರುವ ಬಸ್ ಚಾಲಕರ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಅವರು ಸ್ಟಿಯರಿಂಗ್ ಬಿಡಬೇಕು, ಆದರೆ ಡಿಪೋದಲ್ಲಿ ಬೇರೆ ಕೆಲಸ ಸಿಗಬೇಕು.

1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟಾಗ ಅದು ಕೆಲವೇ ಗಂಟೆ ನಡೆಯಿತು. ಸಾಧನ ಬದಲಿಸುತ್ತ ಬದಲಿಸುತ್ತ ಆ ಎಂಜಿನಿಯರ್ 86 ವರ್ಷ ಬದುಕಿದರು. ಇಂದಿನ ಸಾಧನಕ್ಕೆ ಕಿವಿಯ ಜೊತೆ ನೆನಪೂ ಇದೆ. ಒಂದು ದಿನ ಎಚ್ಚರಿಕೆಯಿಂದ ವೆಲ್ಡಿಂಗ್ ಮಾಡಿಸಿ, ಆಮೇಲೆ ವೈದ್ಯರ ಯಂತ್ರದಿಂದ ಚರ್ಮದ ಮೇಲಿಂದಲೇ ಆ ನೆನಪನ್ನು ಓದಿದರೆ, ಕೆಲಸದ ಹೊತ್ತಿನಲ್ಲಿ ಗದ್ದಲ ದಾಖಲಾಗಿದೆಯೇ ಇಲ್ಲವೇ ತಿಳಿಯುತ್ತದೆ. ಮಾಲೀಕರು ಕೇಳಬೇಕಾದದ್ದು ಆ ವರದಿಯನ್ನು.