ಲೂಯಿಸ್ ರೇನರ್ ಬರೆದ ಬೀದಿಗಳು ನಿಜಕ್ಕೂ ಹಾಗೇ ಇದ್ದವೇ?

ಪ್ರಶ್ನೆ: ಲೂಯಿಸ್ ರೇನರ್ ಎಂಬಾಕೆ ಬರೆದ ಇಂಗ್ಲೆಂಡಿನ ಹಳೇ ಬೀದಿಗಳ ಜಲವರ್ಣ ಚಿತ್ರಗಳನ್ನು ನೋಡಿದೆ. ಆ ಬೀದಿಗಳು ನಿಜವಾಗಿಯೂ ಹಾಗೆ ಇದ್ದವೇ, ಇಲ್ಲ ಚೆಂದ ಕಾಣಲೆಂದು ಆಕೆ ಕಟ್ಟಿಕೊಂಡ ಲೋಕವೇ?

ಉತ್ತರ: ಕಟ್ಟಡಗಳನ್ನು ಬಹುಮಟ್ಟಿಗೆ ನಂಬಬಹುದು. ಜನರನ್ನು ನೋಡುವಾಗ ಸ್ವಲ್ಪ ಎಚ್ಚರವಿರಲಿ.

ರೇನರ್ ಹುಟ್ಟಿದ್ದು 1832ರಲ್ಲಿ, ಡರ್ಬಿಶೈರ್‌ನ ಮ್ಯಾಟ್ಲಕ್ ಬಾತ್‌ನಲ್ಲಿ. ಅಪ್ಪ ಸ್ಯಾಮ್ಯುಯೆಲ್ ಹಳೇ ಕಟ್ಟಡಗಳ ಚಿತ್ರಕಾರ. ಅಮ್ಮ ಆನ್ ಕಪ್ಪು ಅಮೃತಶಿಲೆಯ ಮೇಲೆ ಚಿತ್ರ ಕೆತ್ತುತ್ತಿದ್ದವರು. ಅಕ್ಕತಂಗಿಯರೂ ಕುಂಚ ಹಿಡಿದರು. ಅಪ್ಪನ ಬಳಿ ಕಲಿತ ಮೇಲೆ ರೇನರ್‌ಗೆ ಡೇವಿಡ್ ರಾಬರ್ಟ್ಸ್, ಜಾರ್ಜ್ ಕ್ಯಾಟರ್ಮೋಲ್ ಅವರಂಥ ಹೆಸರಾಂತ ಚಿತ್ರಕಾರರ ಮಾರ್ಗದರ್ಶನವೂ ಸಿಕ್ಕಿತು. ತೊಲೆ, ಕಮಾನು, ಚಾವಣಿಯ ಇಳಿಜಾರು ಇವನ್ನೆಲ್ಲ ಅಳತೆ ತಪ್ಪದಂತೆ ಬರೆಯುವ ಶಿಸ್ತು ಆಕೆಗೆ ಮನೆಯಿಂದಲೇ ಬಂದದ್ದು. 1852ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯಲ್ಲಿ ಮೊದಲ ಸಲ ಪ್ರದರ್ಶನಗೊಂಡದ್ದು ತೈಲಚಿತ್ರ. 1860ರ ಸುಮಾರಿಗೆ ಆಕೆ ಜಲವರ್ಣಕ್ಕೆ ಹೊರಳಿದರು.

ಆಮೇಲೆ ಬಹುಕಾಲ ನೆಲೆಸಿದ್ದು ಚೆಸ್ಟರ್ ನಗರದಲ್ಲಿ, ವಾಟರ್‌ಗೇಟ್ ಬೀದಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದವರ ಮನೆಯಲ್ಲಿ. ಅಲ್ಲಿನ 'ರೋಸ್' (Rows, ಅಂದರೆ ಸಾಲುಗಳು) ಬೇರೆಲ್ಲೂ ಸಿಗದ ವಿಚಿತ್ರ: ಅಂಗಡಿಗಳ ಮೇಲೆ, ಮೊದಲ ಮಹಡಿಯಲ್ಲಿ, ಬೀದಿಯುದ್ದಕ್ಕೂ ಚಾಚಿಕೊಂಡಿರುವ ಮೊಗಸಾಲೆ. ಮೆಟ್ಟಿಲು ಹತ್ತಿ ಒಳಹೊಕ್ಕರೆ ಅಲ್ಲಿ ಇನ್ನೊಂದು ಸಾಲು ಅಂಗಡಿಗಳು. ರೇನರ್ ಅದರ ಕಂಬ, ಕಟಕಟೆ, ಒಳಗಿನ ಮಬ್ಬುಗತ್ತಲೆಯನ್ನು ಎಷ್ಟು ತಾಳ್ಮೆಯಿಂದ ಬರೆದಿದ್ದಾರೆಂದರೆ, ಉಳಿದುಕೊಂಡಿರುವ ಮನೆಗಳನ್ನು ಇಂದಿಗೂ ಸ್ಥಳದಲ್ಲಿ ನಿಂತು ಗುರುತಿಸಬಹುದು.

ಇನ್ನು ಜನರ ವಿಷಯ. ಇದಕ್ಕೆ ಬಣ್ಣದ ಗುಣವನ್ನು ತಿಳಿಯಬೇಕು. ಶುದ್ಧ ಜಲವರ್ಣದಲ್ಲಿ ಬಿಳುಪೆಂದರೆ ಬಣ್ಣ ತಾಗದೆ ಉಳಿದ ಕಾಗದ. ಗಾಢ ಗೋಡೆ ಬರೆದಾದ ಮೇಲೆ ಅದರ ಮುಂದೆ ಬಿಳಿ ಏಪ್ರನ್ ತೊಟ್ಟ ಹೆಂಗಸನ್ನು ನಿಲ್ಲಿಸಲಾಗದು, ಮೊದಲೇ ಜಾಗ ಬಿಟ್ಟಿರಬೇಕು. ಆದರೆ ರೇನರ್ ಬಿಳಿ ಬೆರೆಸಿದ ದಟ್ಟ ಬಣ್ಣವನ್ನೂ ಬಳಸುತ್ತಿದ್ದರು. ಅದು ಕೆಳಗಿನ ಬಣ್ಣವನ್ನು ಮುಚ್ಚಿಬಿಡುತ್ತದೆ. ಹಾಗಾಗಿ ಬೀದಿ ಮುಗಿದ ಮೇಲೂ ಬುಟ್ಟಿ ಹೊತ್ತವಳನ್ನೋ ಮಗುವನ್ನೋ ನಾಯಿಯನ್ನೋ ಬೇಕಾದ ಕಡೆ ತರಬಹುದಿತ್ತು. ಆ ಗುಂಪುಗಳು ಅಷ್ಟು ಹದವಾಗಿ ಕೂಡಿಬಂದಿರುವುದು ಆಕಸ್ಮಿಕವಲ್ಲ ಎಂಬುದು ನನ್ನ ಅನಿಸಿಕೆ. ಆದರೂ ಅದನ್ನು ಸುಳ್ಳೆನ್ನಲಾರೆ. ಆ ಕಾಲದ ಫೋಟೋಗಳಿಗೆ ಬಣ್ಣವಿರಲಿಲ್ಲ, ಓಡಾಡುವವರು ಎಷ್ಟೋ ಸಲ ಮಸುಕಾಗಿ ಕರಗಿಹೋಗುತ್ತಿದ್ದರು. ಬೀದಿಯ ಗದ್ದಲವನ್ನು ಬಣ್ಣದಲ್ಲಿ ಹಿಡಿದಿಟ್ಟದ್ದು ಈ ಕುಂಚ.

ಇಷ್ಟಾದರೂ ಹೆಸರು ಯಾಕೆ ಮರೆಯಾಯಿತು? ರಾಯಲ್ ಅಕಾಡೆಮಿ ಹೆಂಗಸರ ಚಿತ್ರಗಳನ್ನು ಗೋಡೆಗೆ ಹಾಕುತ್ತಿತ್ತು, ಪೂರ್ಣ ಸದಸ್ಯತ್ವ ಮಾತ್ರ ಕೊಡುತ್ತಿರಲಿಲ್ಲ. 1768ರ ಸ್ಥಾಪಕರಲ್ಲಿ ಇಬ್ಬರು ಹೆಂಗಸರಿದ್ದರು. ಅವರ ನಂತರ ಆ ಮನ್ನಣೆ ಒಬ್ಬ ಹೆಂಗಸಿಗೆ ಸಿಕ್ಕಿದ್ದು 1936ರಲ್ಲಿ, ಲಾರಾ ನೈಟ್ ಅವರಿಗೆ. ಅಷ್ಟು ಹೊತ್ತಿಗೆ ರೇನರ್ ತೀರಿಕೊಂಡು ಹನ್ನೆರಡು ವರ್ಷ. ಐವತ್ತಕ್ಕೂ ಹೆಚ್ಚು ವರ್ಷ ಪ್ರದರ್ಶನಗಳಿಗೆ ಚಿತ್ರ ಕಳಿಸಿದವರಿಗೆ ಇದು ಅನ್ಯಾಯ ಎಂದೇ ಹೇಳುತ್ತೇನೆ. ಕೊನೆಯ ದಿನಗಳನ್ನು ಅವರು ಕಡಲತಡಿಯ ಸೇಂಟ್ ಲಿಯೊನಾರ್ಡ್ಸ್‌ನಲ್ಲಿ ಕಳೆದು, 1924ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಚೆಸ್ಟರ್‌ನ ಗ್ರೋವನರ್ ಮ್ಯೂಸಿಯಂನಲ್ಲಿ ಅವರ ಚಿತ್ರಗಳ ದೊಡ್ಡ ಸಂಗ್ರಹವಿದೆ. ನಿಮ್ಮ ಕೈಗೆ ಆ ನಗರದ ಈಸ್ಟ್‌ಗೇಟ್ ಎಂಬ ಹೆಬ್ಬಾಗಿಲ ಕಮಾನಿನ ಹಳೇ ಚಿತ್ರವೊಂದು ಸಿಕ್ಕರೆ, ಯಾರು ಬರೆದದ್ದೇ ಇರಲಿ, ಕಮಾನಿನ ನೆತ್ತಿ ನೋಡಿ. ಈಗ ಅಲ್ಲಿರುವ ಅಲಂಕಾರದ ಗಡಿಯಾರ ನಡೆಯತೊಡಗಿದ್ದು 1899ರಲ್ಲಿ. ಗಡಿಯಾರವಿಲ್ಲದಿದ್ದರೆ ಅದು ಅದಕ್ಕೂ ಹಿಂದಿನ ಬೀದಿ.